ತಿಥಿ ದಿನ ಬಂದ ರೆಕಾರ್ಡಿನವನು

ಹಳೇ ಗ್ರಾಮಫೋನ್ ರೆಕಾರ್ಡಿನ ಮುಗ್ಗಲು ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ.

ಬಿಳಿಗೆರೆಯಲ್ಲಿ ಮದುವೆಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದ ನಮ್ಮ ತಾತನ ತಿಥಿ ಅವತ್ತು. ಮೈಸೂರಿನಿಂದ ಹಳೇ ರೆಕಾರ್ಡ್ ಕೊಳ್ಳುವವನೊಬ್ಬ ಬಂದ. "ನಂಜನಗೂಡಲ್ಲಿ ಶ್ರದ್ಧಾಂಜಲಿ ಬ್ಯಾನರ್ ನೋಡ್ದೆ. ಹಳೇ ರೆಕಾರ್ಡ್ ಹಿಂಗೇ ಸಿಗೋದು," ಅಂದ. ಅಪ್ಪ ಊಟಕ್ಕೆ ಕೂರಿಸಿದರು. ಬಾಡೂಟ ಉಂಡು, ಬೆರಳು ನೆಕ್ಕಿ, ಅದೇ ಕೈಯನ್ನು ತಾತನ ಟ್ರಂಕಿಗೆ ಹಾಕಿದ. ತಾತ ಮೆತ್ತನೆ ಪಂಚೆ ತುಂಡಲ್ಲಿ ಒರೆಸಿಡುತ್ತಿದ್ದ ರೆಕಾರ್ಡಿಗೆ ಉಗುಳು ಹಚ್ಚಿ ಉಜ್ಜಿದ. ಗೆರೆಗಳ ತುಂಬ ಸಾರಿನ ಜಿಡ್ಡು.

"ಕೈನಾದ್ರೂ ತೊಳ್ಕಳಪ್ಪ. ಅದ್ನ ಅವ್ರು ನಂಗೂ ಮುಟ್ಟಾಕೆ ಬುಡ್ತಿರ್ನಿಲ್ಲ," ಅಂದಳು ಅಜ್ಜಿ.

ಅವನು ಕೇಳಿಸಿಕೊಳ್ಳಲೇ ಇಲ್ಲ. ಚೀಲ ತುಂಬಿಸಿಕೊಂಡು ಹೊರಟವನು, ಜಗಲಿಯಲ್ಲಿ ಕೆಮ್ಮುತ್ತ ಕೂತಿದ್ದ ತಾತನ ಗೆಳೆಯನನ್ನು ಕಂಡು ನಿಂತ.

"ಇವ್ರ ಹತ್ರಾನೂ ರೆಕಾರ್ಡ್ ಇದ್ಯಾ?" ಅಂತ ನನ್ನನ್ನು ಮೆಲ್ಲಗೆ ಕೇಳಿದ. "ಕೆಮ್ಮು ಬಹಳ ದಿನದಿಂದಾನಾ?"