ಪಟ್ಟಿಯಿಂದ ತೆಗೆದ ಹೆಸರು

ಸೂಜಿ ಚುಚ್ಚಿ ಬಿಳಿ ರಕ್ತಕಣಗಳಿಗೆ ಮನೆಯವರ ಪಟ್ಟಿ ಕೊಡುವ ಕಾಲ ಬಂದ ಮೇಲೆ ಬ್ಯಾಡಗಿಯಲ್ಲಿ ಉಬ್ಬಸ ಕಡಿಮೆಯಾಗಿತ್ತು. ಪಟ್ಟಿಯಲ್ಲಿದ್ದವರ ವಾಸನೆ, ಅವರು ಹೊತ್ತು ತರುವ ಧೂಳು, ಎಲ್ಲವೂ ಕಣಗಳಿಗೆ ಮನೆಯದೇ; ಉಳಿದದ್ದರ ಮೇಲಷ್ಟೇ ಅವು ಏರಿ ಹೋಗುತ್ತಿದ್ದವು. ಗಂಡ ಶೇಖಪ್ಪ ದಿನವಿಡೀ ಮೆಣಸಿನಕಾಯಿ ಚೀಲ ಹೊತ್ತು ಬಂದರೂ ಗಿರಿಜವ್ವ ಒಮ್ಮೆಯೂ ಕೆಮ್ಮಿರಲಿಲ್ಲ.

ಅವನು ಸತ್ತ ಹದಿನಾಲ್ಕನೇ ದಿನ ನರ್ಸ್ ಮುಮ್ತಾಜ್ ಮನೆಗೆ ಬಂದು ಅವಳ ತೋಳಿಗೆ ಸೂಜಿ ಚುಚ್ಚಿದಳು. "ಅವರ ಹೆಸರು ಪಟ್ಟ್ಯಾಗಿಂದ ತಗದೇನ್ರಿ. ತೀರಿಕೊಂಡವರ್ನ ಇಡಾಕ ಬರೂದಿಲ್ಲ. ಅಂಗಿ ಗಿಂಗಿ ಇದ್ರ ಸುಟ್ಟುಬಿಡ್ರಿ," ಎಂದು ಉಬ್ಬಸದ ಪಂಪ್ ಕೈಗಿಟ್ಟಳು.

"ಹೂಂ," ಎಂದಳು ಗಿರಿಜವ್ವ. ಹೆಣ ಎತ್ತುವಾಗಲೂ ಅವಳು ಅತ್ತಿರಲಿಲ್ಲ.

ಮುಮ್ತಾಜ್ ಹೋದ ಮೇಲೆ ಗೂಟದಲ್ಲಿದ್ದ ಅವನ ಅಂಗಿ ತೆಗೆದು ಮುಖಕ್ಕೆ ಒತ್ತಿಕೊಂಡಳು. ಕಣಗಳಿಗೆ ಅವನೀಗ ಹೊರಗಿನವನು; ಅವು ದಂಡೆತ್ತಿ ಬಂದವು. ಉಸಿರುನಾಳ ಬಾತು, ಕಫ ಕಟ್ಟಿ, ಎದೆ ಸುಯ್‌ಗುಟ್ಟಿತು. ಕಣ್ಣು ಮೂಗಿನಲ್ಲಿ ನೀರು ಸುರಿಯಿತು.

ಸದ್ದು ಕೇಳಿ ಬಾಗಿಲಿಗೆ ಬಂದ ನೆರೆಮನೆಯ ನೀಲವ್ವ, "ಅಂತೂ ಅತ್ತಿ ನೋಡವ್ವಾ. ಇನ್ನ ಎದಿ ಹಗುರಾಕ್ಕೈತಿ ಬಿಡು," ಎಂದಳು.

ಪಂಪ್ ಮಡಿಲಲ್ಲೇ ಇತ್ತು. ನೀಲವ್ವ ಹೋಗುವವರೆಗೂ ಗಿರಿಜವ್ವ ಅದನ್ನು ಮುಟ್ಟಲಿಲ್ಲ.