ಸೋಸಿದ ಕರೆಂಟು

ಮನೆಯವರ ಕೂಗೆಲ್ಲ ಕರೆಂಟಿನಲ್ಲಿ ಹರಿದು ಸ್ಟೀರಿಯೋದಲ್ಲೂ ಮಿಕ್ಸಿಯಲ್ಲೂ ಕೇಳಿಸುತ್ತಿದ್ದ ಕಾಲ. ವೀಣೆಯ ನಡುವೆ ಮಗುವಿನ ಅಳು ನುಸುಳುತ್ತದೆಂದು ವಾದಿರಾಜ ತನ್ನ ಸ್ಟೀರಿಯೋಗೆ ಕರೆಂಟು ಸೋಸುವ ಪೆಟ್ಟಿಗೆ, ಪವರ್ ಕಂಡೀಷನರ್, ಹಾಕಿಸಿದ. ಆ ಪೆಟ್ಟಿಗೆ ಅಳುವನ್ನೆಲ್ಲ ಸೋಸಿಬಿಟ್ಟಿತು.

ಹೆಂಡತಿ ಶಾಂಭವಿ ಮಹಡಿಯ ಮೇಲೆ ಸಂಡಿಗೆ ಹಾಕಿ ಇಳಿದು ಬಂದರೆ, ತೊಟ್ಟಿಲಲ್ಲಿ ಮಗು ಅತ್ತತ್ತು ಅದರ ಗಂಟಲು ಕಟ್ಟಿತ್ತು. ಗಂಡ ಬಾಗಿಲು ಹಾಕಿಕೊಂಡು ತಲೆದೂಗುತ್ತಿದ್ದ.

ಅವಳು ಬಾಗಿಲು ತಳ್ಳಿದಾಗ, "ವೀಣೆ ಸ್ವರದಲ್ಲಿ ಒಂಚೂರೂ ಕೊಳೆಯಿಲ್ಲ, ಕೇಳೇ!" ಎಂದ.

ಅವಳು ಮಗುವಿಗೆ ಹಾಲೂಡಿಸಿದಳು. ಮರುದಿನ ಪೆಟ್ಟಿಗೆಯನ್ನು ಕಿತ್ತು ಮಿಕ್ಸಿಗೆ ಸಿಕ್ಕಿಸಿದಳು.

ಕೂಗಿ ಕೂಗಿ ಸೋತ ವಾದಿರಾಜ ಅಡುಗೆಮನೆಗೇ ಬಂದ. "ಆಗ್ಲಿಂದ ಕಾಫಿ ಕಾಫಿ ಅಂತ ಅರಚ್ತಿದೀನಿ, ಕೇಳಿಸ್ಲಿಲ್ವೇನೇ?"

"ಇಲ್ಲಾರೀ. ಮಿಕ್ಸಿ ಸ್ವರದಲ್ಲಿ ಒಂಚೂರೂ ಕೊಳೆಯಿಲ್ಲ, ಕೇಳಿ! ಹೇಗೂ ಬಂದ್ರಲ್ಲ, ಮಗೂನ ಎತ್ಕೊಳ್ಳಿ."

ಮಗು ಅವನ ಕಿವಿಗೇ ಬಾಯಿಟ್ಟು ಅಳತೊಡಗಿತು. ನಡುವೆ ತಂತಿಯೇ ಇರಲಿಲ್ಲ.