ನಗರಸಭೆಯ ಹೊಸ ವಕೀಲರು

ನಗರಸಭೆಯ ಮೇಲೆ ಯಾರೇ ದಾವೆ ಹೂಡಿದರೂ ಅವರ ಪರ ನಿಂತು ಗೆದ್ದು ಬರುವವರು ವಕೀಲ ಅಣ್ಣಿಗೇರಿ. ನಗರಸಭೆ ತನ್ನ ಕೇಸುಗಳನ್ನು ನಡೆಸಲು ಹೊಸ ವಕೀಲರ ಗುತ್ತಿಗೆಗೆ ಅರ್ಜಿ ಕರೆದಾಗ ಅವರೂ ಒಂದು ಹಾಕಿದರು.

"ಹೋದಲ್ಲಿ ಬಂದಲ್ಲಿ ನಮ್ಮನ್ನ ಸೋಲಿಸಿದವರು ನೀವು. ನಿಮಗ್ಯಾಕ ಗುತ್ತಿಗಿ ಕೊಡಬೇಕ್ರೀ?" ಎಂದರು ಪೌರಾಯುಕ್ತರು.

"ಅದಕ್ಕ ಕೊಡ್ರಿ ಸಾಹೇಬ್ರ. ನಾನು ಈ ಕಡೆ ಬಂದ್ರ ಆ ಕಡೆ ಗೆಲ್ಲಾವ್ರು ಯಾರು ಉಳೀತಾರ?"

ಪೌರಾಯುಕ್ತರು ನಕ್ಕು ಒಪ್ಪಿದರು. ಹಳೆಯ ವಕೀಲ ಕಟಗಿಯವರಿಗೆ ಕೊಕ್ ಸಿಕ್ಕಿತು. ಅಣ್ಣಿಗೇರಿ ಹೊಸ ಕರಿಕೋಟು ಹೊಲಿಸಿಕೊಂಡು ಕೋರ್ಟಿನ ತುಂಬ ಪೇಢೆ ಹಂಚಿದರು.

ಮೊದಲ ವಿಚಾರಣೆಯ ದಿನ ನಗರಸಭೆಯ ವಿರುದ್ಧ ನಿಂತಿದ್ದವರು ಅದೇ ಕಟಗಿ. ಅಣ್ಣಿಗೇರಿಯವರಿಗೆ ಪಾಪ ಅನ್ನಿಸಿತು.

"ಇವತ್ತೂ ಸೋತ್ರ ಮನಸ್ಸಿಗೆ ಹಚ್ಕೋಬ್ಯಾಡ್ರಿ," ಎಂದು ಅವರ ಭುಜ ತಟ್ಟಿದರು.

ಅಷ್ಟರಲ್ಲಿ ಕೇಸು ಕೂಗಿದರು. ಫೈಲು ತರಬೇಕಿದ್ದ ನಗರಸಭೆಯ ಗುಮಾಸ್ತನ ಸುಳಿವೇ ಇಲ್ಲ. ಅಣ್ಣಿಗೇರಿ ಬೆವರೊರೆಸಿಕೊಳ್ಳುತ್ತ ಬಾಗಿಲ ಕಡೆ ಕತ್ತು ಚಾಚಿದರು.

ಕಟಗಿ ಅವರ ಕಿವಿಯ ಬಳಿ ಬಾಗಿ ಮೆಲ್ಲಗೆ ಹೇಳಿದರು:

"ಅಂವ ಬರಂಗಿಲ್ರಿ. ನನಗೂ ಒಂದ ದಿನ ಫೈಲ್ ತಂದ್ಕೊಟ್ಟಿಲ್ಲ. ಮತ್ತ ನೀವು ಅಷ್ಟೆಲ್ಲಾ ಕೇಸು ಹೆಂಗ ಗೆದ್ರಿ ಅಂತ ತಿಳಕೊಂಡಿದ್ರಿ?"